ಪಾಲಾದ ಡಿಸ್ಕಿಗೊಂದು ಜಂಟಿ ಖಾತೆ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರಿನಲ್ಲಿ ಮನೆಗೊಂದು ಕಂಪ್ಯೂಟರ್ ಇದ್ದರೆ ಅದು ಎಲ್ಲರದ್ದೂ. ಕಚೇರಿಗೆ ಅರ್ಜಿ ಬರೆಯಲು ಅಪ್ಪನಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬೇಕು. ನುಡಿ ರೂಪುಗೊಂಡಿದ್ದೇ ವಿಂಡೋಸ್‌ಗಾಗಿ. ಕಾಲೇಜಿಗೆ ಹೋಗುವ ಮಗಳಿಗೆ ಪ್ರೋಗ್ರಾಮಿಂಗ್ ಕಲಿಯಲು ಉಬುಂಟು ಎಂಬ ಲಿನಕ್ಸ್ ಬೇಕು. ಕೊನೆಗೆ ಹಾರ್ಡ್ ಡಿಸ್ಕ್ ಪಾಲಾಗುತ್ತದೆ. ಕಂಪ್ಯೂಟರ್ ಆನ್ ಮಾಡಿದೊಡನೆ ‘ಗ್ರಬ್’ ಪಟ್ಟಿ ಮೂಡಿ, ಯಾವುದು ಬೇಕೆಂದು ಕೇಳುತ್ತದೆ. ಮನೆ ಪಾಲಾದಾಗ ಏಳುವ ತಕರಾರು ಇಲ್ಲೂ ಏಳುತ್ತದೆ: ಬಂದ ಕಾಗದ, ಅಂದರೆ ಇಮೇಲ್, ಯಾರ ಪಾಲಿಗೆ?

ತಕರಾರಿನ ಬೇರು 1984ರಷ್ಟು ಹಳೆಯದು. ಆ ವರ್ಷ ಬಂದ ‘ಪಾಪ್’ ಪದ್ಧತಿ ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಸಾಮಾನ್ಯವಾಗಿ ಸರ್ವರ್‌ನಿಂದ ಅಳಿಸಿಬಿಡುತ್ತಿತ್ತು. ಡಯಲ್‌ಅಪ್ ಕಾಲದಲ್ಲಿ ಅದೇ ಅನುಕೂಲ. ಮೇಲ್ ಇಳಿಸಿಕೊಂಡು ಲೈನ್ ಕಡಿದು, ನಿಧಾನವಾಗಿ ಓದಬಹುದಿತ್ತು. ಆದರೆ ಬೆಳಿಗ್ಗೆ ವಿಂಡೋಸ್‌ನಲ್ಲಿ ಇಳಿಸಿದ್ದು ಸಂಜೆ ಲಿನಕ್ಸ್‌ನಲ್ಲಿ ಸಿಗುತ್ತಿರಲಿಲ್ಲ.

ದಾರಿ ತೆರೆದದ್ದು ಮೊಜಿಲ್ಲಾ. 2004ರ ನವೆಂಬರಿನಲ್ಲಿ ಅದರ ಬ್ರೌಸರ್ ಫೈರ್‌ಫಾಕ್ಸ್ 1.0, ಡಿಸೆಂಬರಿನಲ್ಲಿ ಮೇಲ್ ತಂತ್ರಾಂಶ ಥಂಡರ್‌ಬರ್ಡ್ 1.0 ಬಂದವು. ವಿಂಡೋಸ್, ಲಿನಕ್ಸ್ ಎರಡೂ ಕಡೆ ಅದೇ ತಂತ್ರಾಂಶ. ಬುಕ್‌ಮಾರ್ಕ್, ಪಾಸ್‌ವರ್ಡ್, ಮೇಲ್ ಎಲ್ಲವೂ ‘ಪ್ರೊಫೈಲ್’ ಎಂಬ ಫೋಲ್ಡರಿನಲ್ಲಿ. ಥಂಡರ್‌ಬರ್ಡಿನ ‘ಇನ್‌ಬಾಕ್ಸ್’ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೇಲ್‌ಗಳು ಒಂದರ ಕೆಳಗೊಂದು ಸರಳ ಪಠ್ಯವಾಗಿ ಸಾಲುಗಟ್ಟಿರುತ್ತವೆ. ಈ ಫೋಲ್ಡರ್ ಎಲ್ಲಿದೆಯೆಂದು ಹೇಳುವುದು ‘ಪ್ರೊಫೈಲ್ಸ್ ಡಾಟ್ ಐಎನ್‌ಐ’ ಎಂಬ ಪುಟ್ಟ ಕಡತ. ಎರಡೂ ಕಡೆಯ ಆ ಕಡತದಲ್ಲಿ ಒಂದೇ ಜಾಗದ ವಿಳಾಸ ಬರೆದರೆ ಮುಗಿಯಿತು, ಜಂಟಿ ಖಾತೆ ತಯಾರು.

ಜಾಗ ಮಾತ್ರ ಇಬ್ಬರಿಗೂ ಒಗ್ಗಬೇಕಲ್ಲ? ಮೊದಮೊದಲು ಜನ ಫ್ಯಾಟ್‌32 ವಿಭಾಗವನ್ನು ನೆಚ್ಚಿಕೊಂಡರು. ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ವರ್ಷಗಟ್ಟಲೆ ತುಂಬಿದ ಇನ್‌ಬಾಕ್ಸ್ ಅಲ್ಲಿಗೇ ಮುಗ್ಗರಿಸುತ್ತಿತ್ತು. 2007ರಲ್ಲಿ ‘ಎನ್‌ಟಿಎಫ್‌ಎಸ್-3ಜಿ’ ಎಂಬ ತಂತ್ರಾಂಶದ ಸ್ಥಿರ ಆವೃತ್ತಿ ಬಂದ ಮೇಲೆ ವಿಂಡೋಸಿನ ವಿಭಾಗದಲ್ಲೇ ಲಿನಕ್ಸ್ ನಿರ್ಭಯವಾಗಿ ಬರೆಯತೊಡಗಿತು.

ಖಾತೆ ಜಂಟಿಯಾದರೂ ಕಿರಿಕಿರಿ ತಪ್ಪಲಿಲ್ಲ. 2012ರ ವಿಂಡೋಸ್ 8 ‘ಫಾಸ್ಟ್ ಸ್ಟಾರ್ಟಪ್’ ತಂದಿತು. ಆಫ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ, ಅದರ ವಿಭಾಗಕ್ಕೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ. 2019ರ ಫೈರ್‌ಫಾಕ್ಸ್ 67ರಿಂದ ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯದು ತೆರೆಯದು. ಒಂದು ಕಡೆ ಅಪ್‌ಡೇಟ್ ಮಾಡಿ ಇನ್ನೊಂದು ಕಡೆ ಮರೆತರೆ ಅಲ್ಲಿಗೆ ಬಾಗಿಲು ಬಂದ್. ಗಡಿಯಾರದ್ದಂತೂ ಬೇರೆಯೇ ಕಥೆ. ಯಂತ್ರದ ಗಡಿಯಾರ ಗ್ರೀನಿಚ್ ಸಮಯದಲ್ಲಿದೆಯೆಂದು ಉಬುಂಟು, ಸ್ಥಳೀಯ ಸಮಯದಲ್ಲಿದೆಯೆಂದು ವಿಂಡೋಸ್ ಎಣಿಸುತ್ತವೆ. ಉಬುಂಟು ಬಳಸಿ ವಿಂಡೋಸಿಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ!

ಇಷ್ಟರಲ್ಲಿ ಕಾಗದಗಳೇ ಮನೆ ಬದಲಿಸಿದ್ದವು. ಮೇಲ್ ಸರ್ವರ್‌ನಲ್ಲೇ ಉಳಿಯುವ ‘ಐಮ್ಯಾಪ್’ ಪದ್ಧತಿಯನ್ನು ಮಾರ್ಕ್ ಕ್ರಿಸ್ಪಿನ್ 1986ರಲ್ಲೇ ರೂಪಿಸಿದ್ದರು. 2007ರಲ್ಲಿ ಜಿಮೇಲ್ ಅದನ್ನು ಪುಕ್ಕಟೆಯಾಗಿ ಕೊಟ್ಟಿತು. 2011ರ ಫೈರ್‌ಫಾಕ್ಸ್ 4ರಲ್ಲಿ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನು ಎಲ್ಲ ಕಡೆಯೂ ಒಂದೇ ಆಗಿಡುವ ‘ಸಿಂಕ್’ ಸೇರಿಕೊಂಡಿತು. ಇವತ್ತು ಹೆಚ್ಚಿನವರಿಗೆ ಇವೆರಡು ಸಾಕು, ಜಂಟಿ ಖಾತೆಯ ತಲೆನೋವು ಬೇಡ.

ಪಾಪ್ ಕಾಲದ ಹಳೆಯ ಮೇಲ್‌ಗಳಿದ್ದವರು ಮಾತ್ರ ಡಿಸ್ಕ್ ಪಾಲು ಮಾಡುವ ಮುನ್ನ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ. ಸರ್ವರ್‌ನಲ್ಲಿ ಅಳಿದುಹೋದ ಆ ಕಾಗದಗಳಿಗೆ ಎರಡನೆಯ ಪ್ರತಿ ಇಲ್ಲ.