ಹತ್ತು ವರ್ಷದ ಹೊಟ್ಟೆಗೆ ಎರಡು ತಿಂಗಳ ಗಡುವು

ಪೌಷ್ಟಿಕತೆಯ ವಿಷಯದಲ್ಲಿ ಯಾದಗಿರಿ ಜಿಲ್ಲೆ ಸುದ್ದಿಗೆ ಬರುವುದು ತೂಕ ಸಾಲದ ಮಕ್ಕಳಿಂದ, ರಕ್ತಹೀನತೆಯ ತಾಯಂದಿರಿಂದ. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟ ಸರ್ಕಾರ ಮೊದಲು ಆರಿಸಿಕೊಂಡದ್ದೂ ಈ ಭಾಗದ ಜಿಲ್ಲೆಗಳನ್ನೇ. ಹೀಗಿರುವಾಗ ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಂಥ ಊರಲ್ಲಿ ನಡುವಯಸ್ಸಿನವರ ತೂಕ ಇಳಿಸುವ ಮಾತು ತೆಗೆದರೆ, ಇದು ಹೊಟ್ಟೆ ತುಂಬಿದವರ ಚಿಂತೆ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಆದರೆ ಬಡಕಲು ಮಗು ಮತ್ತು ಬೊಜ್ಜು ಬಂದ ದೊಡ್ಡವರು ಬೇರೆ ಬೇರೆ ಲೋಕದವರಲ್ಲ, ಎಷ್ಟೋ ಸಲ ಒಬ್ಬರೇ ವ್ಯಕ್ತಿಯ ಎರಡು ವಯಸ್ಸುಗಳು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಹೆರಿಗೆ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ತಪಾಸಣೆ ಮಾಡಿದ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಅದೇ ಪತ್ರಿಕೆಯಲ್ಲಿ ತಮ್ಮದೊಂದು ಫೋಟೊ ಅಚ್ಚು ಹಾಕಿಸಿದರು. ಪಕ್ಕದಲ್ಲಿ ನಿಂತವರು ಬ್ರಿಟಿಷ್ ವೈದ್ಯ ಜಾನ್ ಯಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿನ ಕೊಬ್ಬು ಯಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ನಮ್ಮವರು ತೆಳ್ಳಗೆ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಕೂಡಿಟ್ಟುಕೊಳ್ಳುವವರು. ಹಾಗಾಗಿಯೇ ಭಾರತೀಯರಿಗೆ ಬಿಎಂಐ 25ರ ಬದಲು 23ಕ್ಕೇ ಎಚ್ಚರಿಕೆಯ ಗೆರೆ, ಸೊಂಟದ ಸುತ್ತಳತೆಗೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಇಂಡಿಯಾಬ್ ಸಮೀಕ್ಷೆ (2023) ದೇಶದ ವಯಸ್ಕರಲ್ಲಿ ಶೇ 28.6 ಮಂದಿಗೆ ಬೊಜ್ಜು, ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜು ಇದೆ ಎಂದಿತು. ಈ ಎರಡು ಅಂಕಿಗಳ ನಡುವೆ ಇರುವವರು ತಕ್ಕಡಿಯ ಕಣ್ಣು ತಪ್ಪಿಸಿಕೊಂಡವರು.

ಈ ಸೀಮೆಯಲ್ಲಿ ಹೊಟ್ಟೆ ಬಂದದ್ದಕ್ಕೆ ಹಿರಿಯರು ಕೊಡುವ ಕಾರಣ ಎರಡು: ರೊಟ್ಟಿ ಬಿಟ್ಟು ಅನ್ನ ಹಿಡಿದದ್ದು, ಮೈ ಮುರಿದು ದುಡಿಯುವುದು ತಪ್ಪಿದ್ದು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯ 1982ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಇಳಿಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಎರಿಭೂಮಿ ಭತ್ತದ ಗದ್ದೆಯಾಯಿತು, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. 2013ರ ಜುಲೈನಿಂದ ಅನ್ನಭಾಗ್ಯದ ಅಕ್ಕಿ ಬಂದು ಬಡವರ ಮನೆಯ ಹಸಿವನ್ನು ನಿಜಕ್ಕೂ ನೀಗಿಸಿತು. ಅದನ್ನು ಹಳಿಯುವುದು ಉಂಡ ಮನೆಗೆ ಎರಡು ಬಗೆದಂತೆ. ಅತ್ತ ಉಳುಮೆಗೆ ಟ್ರ್ಯಾಕ್ಟರು, ಕೊಯ್ಲಿಗೆ ಮಷಿನ್ನು, ಹೊಲಕ್ಕೆ ಹೋಗಲು ಬೈಕು ಬಂದವು. ಹೀಗಾಗಿ ಹಿರಿಯರ ಮಾತು ಸರಿ ಎನ್ನಿಸುತ್ತದೆ. ಆದರೂ ಎರಡು ಕಾರಣಗಳೂ ಅರ್ಧ ಮಾತ್ರ ನಿಜ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, ಅಷ್ಟೇ ಜೋಳದಲ್ಲಿ ಸುಮಾರು 334. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾರ ಹೊಟ್ಟೆಯೂ ಕರಗುವುದಿಲ್ಲ. ಜೋಳದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚು ನಾರು, ಒಂದಿಷ್ಟು ಹೆಚ್ಚು ಪ್ರೋಟೀನು. ಅದಕ್ಕಿಂತ ಮುಖ್ಯವಾಗಿ ರೊಟ್ಟಿಯನ್ನು ಎಣಿಸಿ ತಿನ್ನುತ್ತೇವೆ, ಅಗಿದು ತಿನ್ನುತ್ತೇವೆ, ಪಲ್ಯ ಇಲ್ಲದೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಅನ್ನಕ್ಕೆ ಎಣಿಕೆಯಿಲ್ಲ, ಒಂದು ಸೌಟು ಸಾರಿದ್ದರೆ ಬೆಟ್ಟದಷ್ಟು ಇಳಿಯುತ್ತದೆ.

ದುಡಿಮೆಯ ವಿಷಯವೂ ಹೀಗೇ. ತಾಂಜಾನಿಯಾದ ಹಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಅವರು ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತಾರೆಂದು ಹರ್ಮನ್ ಪಾಂಟ್ಜರ್ ತಂಡ 2012ರಲ್ಲಿ ಅಳೆದು ನೋಡಿದಾಗ, ದೇಹದ ಗಾತ್ರಕ್ಕೆ ಹೋಲಿಸಿದರೆ ಅದು ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಅಮೆರಿಕನ್ನರಿಗಿಂತ ಬೇರೆಯೇನೂ ಇರಲಿಲ್ಲ. ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಉಳಿತಾಯ ಮಾಡುತ್ತದೆ. ಅದೇ ಪಾಂಟ್ಜರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಸೇರಿಸಿ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದು ನಡುವಯಸ್ಸಿನವರ ಅತಿ ಪ್ರಿಯವಾದ ನೆಪವನ್ನೂ ಕಸಿದುಕೊಂಡಿತು. ದೇಹದ ಗಾತ್ರ, ಸ್ನಾಯುಗಳನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ದೇಹದ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ. ಇಳಿಯುವುದು 60ರ ಆಚೆ. ನಲವತ್ತು ದಾಟಿದ ಮೇಲೆ 'ಉಂಡದ್ದು ಕರಗುವುದಿಲ್ಲ' ಎಂಬ ದೂರಿಗೆ ಹಾಗಾದರೆ ಆಧಾರವೇನು? ಸ್ನಾಯು ಸವೆಯುತ್ತದೆ, ನಿದ್ದೆ ಕೆಡುತ್ತದೆ, ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರಲ್ಲಿ ಕೊಬ್ಬು ಸೊಂಟದಿಂದ ಹೊಟ್ಟೆಗೆ ಸರಿಯುತ್ತದೆ, ಇವು ನಿಜ. ಆದರೆ ಮುಖ್ಯ ಲೆಕ್ಕ ಇರುವುದು ತಟ್ಟೆಯಲ್ಲೇ.

ಆ ಲೆಕ್ಕವನ್ನು ಬಿಡಿಸಿ ತೋರಿಸಿದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್. 2011ರಲ್ಲಿ ಅವರ ತಂಡ ಪ್ರಕಟಿಸಿದ ಸೂತ್ರ ಇಷ್ಟು: ಹೆಚ್ಚು ತೂಕದ ವಯಸ್ಕರೊಬ್ಬರು ದಿನದ ಆಹಾರದಲ್ಲಿ ಸುಮಾರು 24 ಕ್ಯಾಲೊರಿಯನ್ನು ಕಾಯಂ ಆಗಿ ಇಳಿಸಿದರೆ ಕೊನೆಗೆ 1 ಕೆ.ಜಿ. ತೂಕ ಇಳಿಯುತ್ತದೆ. ಅದರ ಅರ್ಧ ಭಾಗ ಇಳಿಯಲು ಒಂದು ವರ್ಷ, ಬಹುಪಾಲು ಇಳಿಯಲು ಮೂರು ವರ್ಷ. ಇದನ್ನು ತಿರುಗಿಸಿ ನೋಡಿದರೆ ತೂಕ ಏರಿದ ಬಗೆಯೂ ತಿಳಿಯುತ್ತದೆ. ವರ್ಷಕ್ಕೆ ಅರ್ಧ ಕೆ.ಜಿ. ಏರುತ್ತ ಹತ್ತು ವರ್ಷಕ್ಕೆ 5 ಕೆ.ಜಿ. ಕೂಡಿಸಿಕೊಂಡವರನ್ನು ಆ ತೂಕದಲ್ಲಿ ಹಿಡಿದಿಟ್ಟಿರುವುದು ದಿನಕ್ಕೆ ಬರೀ 120 ಕ್ಯಾಲೊರಿಯಷ್ಟು ಹೆಚ್ಚುವರಿ. ಎರಡೆರಡು ಚಮಚೆ ಹಾಕಿದ ಮೂರು ಕಪ್ ಚಹಾದ ಸಕ್ಕರೆ ಅದು. ಇನ್ನು ರಾತ್ರಿ ಎರಡನೇ ಸಲ ಬಡಿಸಿಕೊಳ್ಳುವ ಅನ್ನವನ್ನು 70 ಗ್ರಾಂ ಅಕ್ಕಿಯ ಲೆಕ್ಕ ಹಿಡಿದರೆ ಸುಮಾರು 250 ಕ್ಯಾಲೊರಿ. ಹಾಲ್ ಸೂತ್ರದ ಪ್ರಕಾರ, ಬೇರೇನನ್ನೂ ಬದಲಾಯಿಸದೆ ಅದೊಂದನ್ನು ಬಿಟ್ಟರೆ ಮೊದಲ ವರ್ಷ 5 ಕೆ.ಜಿ.ಯ ಆಸುಪಾಸು, ಮೂರು ವರ್ಷಕ್ಕೆ ಹತ್ತರ ಹತ್ತಿರ ಇಳಿಯಬೇಕು. ಆದರೆ ಬಿಟ್ಟದ್ದು ಬಿಟ್ಟೇ ಇರಬೇಕು. ಇಡೀ ವಿಷಯದ ತಿರುಳು ಇದೇ. ನಡುವಯಸ್ಸಿನಲ್ಲಿ ತೂಕ ಇಳಿಸುವ ಯಾವ ದಾರಿಯನ್ನೇ ಹೇಳಿಕೊಟ್ಟರೂ ಕೇಳಬೇಕಾದ ಪ್ರಶ್ನೆ 'ತಿಂಗಳಿಗೆ ಎಷ್ಟು ಇಳಿಯುತ್ತದೆ' ಎಂದಲ್ಲ, 'ಇದನ್ನು ನಾನು, ನನ್ನ ಮನೆಯಲ್ಲಿ, ಹತ್ತು ವರ್ಷ ಉಣ್ಣಬಲ್ಲೆನೇ' ಎಂದು.

ಬೇಗ ಇಳಿಸುವ ದಾರಿಗಳು ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಅಮೆರಿಕದ ಟಿ.ವಿ. ಸ್ಪರ್ಧೆ 'ದಿ ಬಿಗ್ಗೆಸ್ಟ್ ಲೂಸರ್'ನಲ್ಲಿ ಸರಾಸರಿ 58 ಕೆ.ಜಿ. ಇಳಿಸಿದ 14 ಮಂದಿಯನ್ನು ಆರು ವರ್ಷದ ನಂತರ ಇದೇ ಹಾಲ್ ತಂಡ ಪರೀಕ್ಷಿಸಿತು. 41 ಕೆ.ಜಿ. ವಾಪಸು ಬಂದಿತ್ತು. ಸಾಲದ್ದಕ್ಕೆ ಅವರ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿ, ಆ ಗಾತ್ರದ ದೇಹಕ್ಕೆ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿಯೇ ಉಳಿದಿತ್ತು. ಕೊಬ್ಬು ಕರಗುತ್ತಿದ್ದಂತೆ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಹಾಗೆ ತಿಳಿಯಲು ಅದಕ್ಕೆ ಕಾರಣವೂ ಇದೆ. ಕೊಡೇಕಲ್‌ಗೆ ಹತ್ತಿರದ ಹುಣಸಗಿ–ಬೈಚಬಾಳ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಉತ್ಖನನ ಮಾಡಿ ತೆಗೆದ ಕಲ್ಲಿನ ಕೊಡಲಿಗಳ ನೆಲೆಗೆ ಸುಮಾರು 12 ಲಕ್ಷ ವರ್ಷ ವಯಸ್ಸು. ಆ ಕಾಲದಿಂದ ಇತ್ತೀಚಿನವರೆಗೂ ಮನುಷ್ಯನ ಮೈಗೆ ನಾಳಿನ ಊಟದ ಖಾತ್ರಿ ಇರಲಿಲ್ಲ. ಯಾವ ಪಥ್ಯ ಮೇಲು ಎಂಬ ಜಗಳವೂ ಸೊರಗಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದಲ್ಲಿ (2018) ಕೊಬ್ಬು ಕಡಿಮೆ ತಿಂದವರು 5.3 ಕೆ.ಜಿ., ಪಿಷ್ಟ ಕಡಿಮೆ ತಿಂದವರು 6 ಕೆ.ಜಿ. ಇಳಿದರು. ಇದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ದಿನದಲ್ಲಿ ಎಂಟು ತಾಸಿನೊಳಗೆ ಮಾತ್ರ ಉಣ್ಣುವ ಪದ್ಧತಿಯನ್ನು ಚೀನಾದ ಗುವಾಂಗ್‌ಝೌನಲ್ಲಿ 139 ಮಂದಿಯಲ್ಲಿ ಅರ್ಧದಷ್ಟು ಜನ ಒಂದು ವರ್ಷ ಪಾಲಿಸಿದಾಗಲೂ (2022), ಕ್ಯಾಲೊರಿ ಸಮನಾಗಿ ಇಳಿಸಿದ ಇನ್ನೊಂದು ಗುಂಪಿಗಿಂತ ಹೇಳಿಕೊಳ್ಳುವ ಲಾಭ ಸಿಗಲಿಲ್ಲ. ಶ್ರಾವಣ ಸೋಮವಾರದ ಉಪವಾಸ ಭಕ್ತಿಗೆ ಒಳ್ಳೆಯದೇ. ಸಾಬುದಾಣಿ ಖಿಚಡಿ, ಹುರಿದ ಶೇಂಗಾ, ಬಾಳೆಹಣ್ಣಿನ ಜೊತೆ ಮಾಡಿದ ಉಪವಾಸದಿಂದ ತೂಕ ಇಳಿಯದಿದ್ದರೆ ದೇವರನ್ನು ದೂರಬಾರದು.

ಹಾಗಾದರೆ ಹತ್ತು ವರ್ಷ ಉಣ್ಣಬಹುದಾದ ಊಟ ಯಾವುದು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಧಾನ್ಯಗಳಿಂದ ಬರುವ ಶಕ್ತಿ ಶೇ 45 ಮೀರಬಾರದು. ನಮ್ಮಲ್ಲಿ ಅದು ಶೇ 50ರಿಂದ 70. ಅಂದರೆ ಕೈ ಹಾಕಬೇಕಾದದ್ದು 'ಅಕ್ಕಿಯೋ ಜೋಳವೋ' ಎಂಬ ಆಯ್ಕೆಗಿಂತ ಮೊದಲು ಧಾನ್ಯದ ಪಾಲಿಗೆ. ಈ ಸೀಮೆಯ ಅಡುಗೆಯಲ್ಲೇ ಅದಕ್ಕೆ ದಾರಿ ಇದೆ. ಮಧ್ಯಾಹ್ನದ ತಟ್ಟೆಯನ್ನೇ ನೋಡೋಣ. ಎರಡು ರೊಟ್ಟಿ, ಚೂರು ಪಲ್ಯ, ಶೇಂಗಾ ಹಿಂಡಿ, ಮೇಲೆ ತಟ್ಟೆ ತುಂಬ ಅನ್ನ ಮತ್ತು ತೆಳ್ಳಗಿನ ಸಾರು. ಅದೇ ಎರಡು ರೊಟ್ಟಿ ಇರಲಿ. ಪುಂಡಿ ಪಲ್ಯವೋ ಮೆಂತ್ಯೆ ಪಲ್ಯವೋ ಎರಡು ಸೌಟಾಗಲಿ, ಹೆಸರುಕಾಳು ಅಥವಾ ಮಡಕಿಕಾಳು ಒಂದು ಬಟ್ಟಲು, ಹಸಿ ಸೌತೆಕಾಯಿ, ಉಳ್ಳಾಗಡ್ಡಿ, ಒಂದು ಲೋಟ ಮಜ್ಜಿಗೆ. ಆಮೇಲೆ ಅನ್ನ ಬೇಕೆನಿಸಿದರೆ ಒಂದು ಸೌಟು. ತೊಗರಿ ಈ ಭಾಗದ್ದೇ ಬೆಳೆ, ಆದರೂ ಬೇಳೆಯ ಪಾತ್ರೆಗೆ ಸೌಟು ಹಾಕಿದರೆ ನೀರೇ ಬರುತ್ತದೆ. ಅದು ಗಟ್ಟಿಯಾಗಬೇಕು. ಎಣ್ಣೆಯನ್ನು ಚಮಚೆಯಲ್ಲಿ ಅಳೆಯುವ ತಾಳ್ಮೆ ಯಾರಿಗೂ ಇಲ್ಲ, ಡಬ್ಬಿಯ ಲೆಕ್ಕ ಸುಲಭ. ನಾಲ್ಕು ಮಂದಿಯ ಮನೆಯಲ್ಲಿ 5 ಲೀಟರಿನ ಡಬ್ಬಿ ತಿಂಗಳಿಗೆ ಖಾಲಿಯಾದರೆ ತಲೆಗೆ ದಿನಕ್ಕೆ 38 ಗ್ರಾಂ ಬಿತ್ತು. ಮಾರ್ಗಸೂಚಿಯ 27 ಗ್ರಾಂಗೆ ಇಳಿಯಬೇಕಾದರೆ ಮೂರೂವರೆ ಲೀಟರಿಗೆ ನಿಲ್ಲಬೇಕು. ಸಂಜೆಯ ಮಿರ್ಚಿ ಭಜಿಯನ್ನು ಯಾರೂ ಬಿಡಬೇಕಾಗಿಲ್ಲ. ದಿನದ ರೂಢಿಯನ್ನು ಸಂತೆಯ ದಿನಕ್ಕೆ ಸರಿಸಿದರೆ ಸಾಕು.

ವ್ಯಾಯಾಮದಿಂದ ತೂಕ ಹೆಚ್ಚು ಇಳಿಯದಿದ್ದರೆ ನಡೆಯುವುದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಇಳಿದದ್ದನ್ನು ಇಳಿದಲ್ಲೇ ನಿಲ್ಲಿಸಲು, ಸ್ನಾಯು ಉಳಿಸಿಕೊಳ್ಳಲು. ಬರೀ ಹಸಿದು ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶವೇ ಹೋಗುತ್ತದೆ, ವಾಪಸು ಬರುವಾಗ ಹೆಚ್ಚಾಗಿ ಕೊಬ್ಬೇ ಬರುತ್ತದೆ. ಹೀಗಾಗಿ ಐವತ್ತರ ಆಸುಪಾಸಿನಲ್ಲಿ ಪದೇ ಪದೇ ಇಳಿಸಿ ಏರಿಸಿಕೊಳ್ಳುವವರು ತಕ್ಕಡಿಯಲ್ಲಿ ಇದ್ದಲ್ಲೇ ಇದ್ದರೂ ಮೈಯಲ್ಲಿ ಸೋಲುತ್ತಾರೆ. ಇದಕ್ಕೆ ಜಿಮ್ ಬೇಡ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ತುಂಬಿದ ಕೊಡ ಎತ್ತುವುದು ಸಾಕು. ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಪ್ರಯೋಗದಲ್ಲಿ ಗುರಿ ಇದ್ದದ್ದು ಶೇ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯಷ್ಟೇ. ಮಧುಮೇಹ ಬರುವ ಸಾಧ್ಯತೆ ಶೇ 58 ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ 31. ಚೆನ್ನೈನ ಎ. ರಾಮಚಂದ್ರನ್ ತಂಡ 531 ಭಾರತೀಯರ ಮೇಲೆ ನಡೆಸಿದ ಪ್ರಯೋಗ (2006) ಇನ್ನೂ ಧೈರ್ಯ ಕೊಡುವಂಥದ್ದು. ಅಲ್ಲಿ ಊಟ ತಿದ್ದಿ ನಡೆದವರ ತೂಕ ಇಳಿಯಲೇ ಇಲ್ಲವೆನ್ನಬೇಕು, ಆದರೂ ಮಧುಮೇಹದ ಸಾಧ್ಯತೆ ಶೇ 28.5 ತಗ್ಗಿತು. ತಕ್ಕಡಿಯ ಮುಳ್ಳು ಅಲುಗದಿದ್ದರೂ ಕೆಲಸ ನಡೆದಿರುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಖರ್ಚಿನದು. ಅಕ್ಕಿ ಪುಕ್ಕಟೆ, ಬೇಳೆಗೆ ದುಡ್ಡು ಬೇಕು. ನಿಜ. ಹೆಸರು, ಹುರುಳಿ, ಮಡಕಿ ಹೊಲದ ಬದಿಯಲ್ಲಿ ಬೆಳೆಯುತ್ತಿದ್ದ ಕಾಲ ಕಾಲುವೆ ನೀರಿನ ಜೊತೆ ಹೋಯಿತು. ಇದನ್ನು ಬರೀ ಮನೆಯವರ ಹೆಗಲಿಗೆ ಹೊರಿಸುವುದು ಅನ್ಯಾಯ, ಪಡಿತರದ ಚೀಲದಲ್ಲಿ ಅಕ್ಕಿಯ ಜೊತೆ ಬೇಳೆಯೂ ಬರಬೇಕು. ಆದರೂ ಎಣ್ಣೆ, ಸಕ್ಕರೆ, ಹೋಟೆಲ್ ಭಜಿಯಲ್ಲಿ ಉಳಿದದ್ದು ಕಾಳಿಗೆ ಬಹುಮಟ್ಟಿಗೆ ಸಾಲುತ್ತದೆ. ಎರಡನೆಯ ಆಕ್ಷೇಪ ಹೆಂಗಸರದು. ಎಲ್ಲರ ಊಟವಾದ ಮೇಲೆ ಉಣ್ಣುವವಳ ಪಾಲಿಗೆ ಪಲ್ಯ ತೀರಿರುತ್ತದೆ, ಅನ್ನ ಉಳಿದಿರುತ್ತದೆ, ಚೆಲ್ಲಲು ಮನಸ್ಸು ಬಾರದು. ಅವಳ ತೂಕದ ಮೂಲ ಬಾಯಿಚಪಲವಲ್ಲ, ಬಡಿಸುವ ಸರದಿ. ಕಾಳು, ಪಲ್ಯ ಮೊದಲೇ ಅವಳ ಪಾಲಿಗೆ ತೆಗೆದಿಡದೆ ಅವಳಿಗೆ ಪಥ್ಯ ಹೇಳುವುದರಲ್ಲಿ ಅರ್ಥವಿಲ್ಲ. ಯಾದಗಿರಿಯ ಬಿಸಿಲಿನಲ್ಲಿ ನಡೆಯುವುದಾದರೆ ನಸುಕಿನಲ್ಲೇ ಹೋಗಬೇಕು, ಹೆಂಗಸರಾದರೆ ಜೊತೆಗಾರ್ತಿ ಬೇಕು.

ಇನ್ನು ಹೊಸ ಚುಚ್ಚುಮದ್ದು ಬಂದಿದೆಯಲ್ಲ ಎನ್ನುವವರಿದ್ದಾರೆ. ಸೆಮಾಗ್ಲುಟೈಡ್ ತೆಗೆದುಕೊಂಡವರು 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ಇಳಿದದ್ದು ನಿಜವೇ. ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೇ ಎರಡರಷ್ಟು ವಾಪಸು ಬಂದದ್ದೂ ಅಷ್ಟೇ ನಿಜ. ಬೊಜ್ಜಿನಿಂದ ಜೀವಕ್ಕೆ ಕುತ್ತು ಬಂದವರಿಗೆ ಅದು ದೊಡ್ಡ ಆಸರೆ, ನಾಚಿಕೆಪಡುವಂಥದ್ದೇನಿಲ್ಲ. ಆದರೆ ಅದಕ್ಕೂ ಇದೇ ನಿಯಮ: ಬಿಟ್ಟರೆ ಬರುತ್ತದೆ. ಮೂರು ವರ್ಷ ಕಾಯಬೇಕೇ ಎಂದು ಬೇಸರಪಡುವವರು ತೂಕ ಏರಲು ಹತ್ತು ವರ್ಷ ಹಿಡಿದದ್ದನ್ನು ಲೆಕ್ಕದಲ್ಲಿ ಬಿಟ್ಟಿರುತ್ತಾರೆ.

ಶುರು ಮಾಡುವ ಮೊದಲು ಆಗಬೇಕಾದ ಕೆಲಸ ಒಂದಿದೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ತಪಾಸಣೆ ಉಚಿತ, ಅದನ್ನು ಮಾಡಿಸಿಕೊಳ್ಳಬೇಕು. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಬೇಕು. ಈಗಾಗಲೇ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಹೇಳದೆ ರಾತ್ರಿಯ ಅನ್ನ ಬಿಡಬಾರದು. ಊಟ ಇಳಿದು ಔಷಧ ಹಾಗೇ ಉಳಿದರೆ ನಡುರಾತ್ರಿ ಸಕ್ಕರೆ ಒಮ್ಮೆಲೇ ಕುಸಿಯುವ ಅಪಾಯವಿದೆ. ಅಂಥವರಲ್ಲಿ ಅನ್ನದ ಜೊತೆ ಔಷಧದ ಪ್ರಮಾಣವೂ ಇಳಿಯಬೇಕಾಗುತ್ತದೆ, ಅದನ್ನು ಇಳಿಸಬೇಕಾದವರು ವೈದ್ಯರು.