ಅಜ್ಜನ ಕಾಲದ ಕಾರು ಗೋಬಿ ದಾಟಬೇಕಾದರೆ

ವಿಂಟೇಜ್ ಕಾರು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಭಾನುವಾರದ ಮೆರವಣಿಗೆ. ಮಿರಿಮಿರಿ ಪಾಲಿಶ್, ಪಕ್ಕದಲ್ಲಿ ನಿಂತು ಸೆಲ್ಫಿ, ಹತ್ತು ಕಿ.ಮೀ. ಓಡಿಸಿ ಮತ್ತೆ ಶೆಡ್ಡಿಗೆ. ಆದರೆ ಅಂಥದ್ದೇ ಕಾರನ್ನು ಬೀಜಿಂಗ್‌ನಲ್ಲಿ ಸ್ಟಾರ್ಟ್ ಮಾಡಿ, ಗೋಬಿ ಮರುಭೂಮಿ ದಾಟಿಸಿ, ಪ್ಯಾರಿಸ್‌ನಲ್ಲಿ ನಿಲ್ಲಿಸುವವರೂ ಇದ್ದಾರೆ! ಸುಮಾರು 14 ಸಾವಿರ ಕಿ.ಮೀ., ಒಂದು ತಿಂಗಳಿಗೂ ಹೆಚ್ಚಿನ ಪ್ರಯಾಣ. ಆಟೊಮೊಬೈಲ್ ಓದುತ್ತಿರುವ ನನಗೆ ಚಾಲಕರ ಸಾಹಸಕ್ಕಿಂತ ಹೆಚ್ಚು ಕುತೂಹಲ, ಹೊರಡುವ ಮೊದಲು ಗ್ಯಾರೇಜಿನಲ್ಲಿ ಆ ಕಾರಿಗೆ ಏನೇನು ಮಾಡುತ್ತಾರೆ ಎಂಬುದರ ಬಗ್ಗೆ.

ಈ ಹುಚ್ಚು ಶುರುವಾದದ್ದು 1907ರಲ್ಲಿ. ಆಗ ಪೀಕಿಂಗ್‌ನಿಂದ ಹೊರಟದ್ದು ಐದೇ ವಾಹನಗಳು. ಇಟಲಿಯ ರಾಜವಂಶಸ್ಥ ಷಿಪಿಯೋನೆ ಬೊರ್ಗೇಸೆ ತಮ್ಮ ‘ಇಟಾಲಾ’ ಕಾರಿನಲ್ಲಿ ಎರಡು ತಿಂಗಳಲ್ಲಿ ಪ್ಯಾರಿಸ್ ತಲುಪಿ ಗೆದ್ದರು. ದಾರಿಯಲ್ಲಿ ಸೇತುವೆಯೊಂದು ಕುಸಿದು ಕಾರು ಕೆಳಗೆ ಬಿತ್ತು. ಮರದ ಚಕ್ರ ಮುರಿದಾಗ ರಷ್ಯಾದ ಹಳ್ಳಿಯವನೊಬ್ಬ ಕೊಡಲಿ ಹಿಡಿದು ಹೊಸದನ್ನು ಮಾಡಿಕೊಟ್ಟ. ಇಂದಿನ ಯಾವ ಕಾರಿಗೆ ಹಾಗೆ ಹಳ್ಳಿಯಲ್ಲಿ ಚಕ್ರ ಸಿಕ್ಕೀತು, ಹೇಳಿ?

1968ರ ಲಂಡನ್–ಸಿಡ್ನಿ ಮ್ಯಾರಥಾನ್ ನಮ್ಮ ದೇಶದ ಮೂಲಕವೇ ಹಾದುಹೋಯಿತು. 98 ಕಾರುಗಳು ಲಂಡನ್‌ನಿಂದ ಹೊರಟು ಕಾಬೂಲ್, ದೆಹಲಿ ದಾಟಿ ಬಾಂಬೆಗೆ ಬಂದವು. ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹಡಗು. ಅದರಲ್ಲಿ ಜಾಗ ಇದ್ದದ್ದು ಸೀಮಿತ ಸಂಖ್ಯೆಯ ಕಾರುಗಳಿಗೆ ಮಾತ್ರ. ಕೊನೆಗೆ ಸಿಡ್ನಿ ತಲುಪಿದವು 56. ಮುಂಚೂಣಿಯಲ್ಲಿದ್ದ ಲೂಸಿಯನ್ ಬಿಯಾಂಕಿ ಅವರ ಸಿಟ್ರೊಯೆನ್ ಗುರಿ ಹತ್ತಿರವಾಗುತ್ತಿದ್ದಾಗ ಎದುರಿನಿಂದ ಬಂದ ಕಾರಿಗೆ ಡಿಕ್ಕಿಯಾಯಿತು. ಗೆದ್ದದ್ದು ಯಾರೂ ಎಣಿಸದಿದ್ದ ಹಿಲ್‌ಮನ್ ಹಂಟರ್, ಮನೆಮಂದಿ ಓಡಾಡುವ ಸಾದಾ ಸೀದಾ ಕಾರು. ಆಂಡ್ರ್ಯೂ ಕೋವನ್ ಮತ್ತು ಸಂಗಡಿಗರು ಅದನ್ನು ಕೆಡದಂತೆ ಓಡಿಸಿಕೊಂಡು ಬಂದಿದ್ದರು.

ಕೆಡದಂತೆ! ಗ್ಯಾರೇಜಿನ ಕೆಲಸವೆಲ್ಲ ಈ ಒಂದು ಪದಕ್ಕಾಗಿ. ಎಂಜಿನ್ನಿಗೆ ಶಕ್ತಿ ತುಂಬುತ್ತಾರೆ ಎಂದುಕೊಂಡವರಿಗೆ ಆಶ್ಚರ್ಯವಾದೀತು, ಎಷ್ಟೋ ಸಲ ಅದನ್ನು ತುಸು ಕಡಿಮೆಯೇ ಮಾಡುತ್ತಾರೆ. ದೂರದ ಊರುಗಳ ಬಂಕುಗಳಲ್ಲಿ ಸಿಗುವುದು ಕಡಿಮೆ ಆಕ್ಟೇನ್ ಪೆಟ್ರೋಲ್. ಕಂಪ್ರೆಷನ್ ಜಾಸ್ತಿ ಇದ್ದರೆ ಎಂಜಿನ್ ನಾಕ್ ಹೊಡೆದು ಪಿಸ್ಟನ್ನೇ ತೂತಾಗಬಹುದು. ಹಾಗಾಗಿ ಬೇರೆ ಪಿಸ್ಟನ್ ಇಲ್ಲವೇ ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸುತ್ತಾರೆ.

ನಿಜವಾದ ದುಡ್ಡು, ಸಮಯ ಎರಡೂ ಹೋಗುವುದು ಬಾಡಿಗೆ. ಸೀಟು, ಗಾಜು, ವೈರು ಎಲ್ಲ ಕಳಚಿ ಬರಿ ತಗಡಿನ ಗೂಡು ಉಳಿಸಿಕೊಳ್ಳುತ್ತಾರೆ. ತುಕ್ಕು ಹಿಡಿದ ಭಾಗ ಕತ್ತರಿಸಿ, ಹೊಸ ತಗಡು ಕೂರಿಸುತ್ತಾರೆ. ಕಾರ್ಖಾನೆಯಲ್ಲಿ ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿದ ಸಂದುಗಳಿಗೆ ಉದ್ದಕ್ಕೂ ವೆಲ್ಡಿಂಗ್. ಯಾಕೆಂದರೆ ಗೋಬಿಯ ಹಾದಿ ಶೀಟಿನ ಮನೆಯ ಚಾವಣಿಯಂತೆ ಅಲೆಅಲೆ. ಗಂಟೆಗಟ್ಟಲೆ ಗಡಗಡ ನಡುಗಿದರೆ ಮೊದಲು ಬಾಯಿ ಬಿಡುವುದು ಶಾಕ್ ಅಬ್ಸಾರ್ಬರ್ ಕೂರುವ ಜಾಗ. ಅಲ್ಲಿ ಹೆಚ್ಚುವರಿ ಪ್ಲೇಟು ಕೊಡಬೇಕು. ಎಂಜಿನ್ನಿನ ಅಡಿಯಲ್ಲಿ ಆಯಿಲ್ ಚೇಂಬರ್‌ಗೆ ದಪ್ಪ ಲೋಹದ ಗಾರ್ಡ್. ಒಂದು ಕಲ್ಲು ತಾಗಿ ಚೇಂಬರ್ ಒಡೆದು ಆಯಿಲ್ ಸೋರಿದರೆ ಎಂಜಿನ್ನಿನ ಕಥೆ ಮುಗಿಯಿತು. ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳನ್ನು ಕೆಳಗಿನಿಂದ ತೆಗೆದು ಕಾರಿನೊಳಗೇ ಎಳೆಯುವುದೂ ಈ ಕಲ್ಲುಗಳ ಭಯಕ್ಕೇ.

ಸ್ಪ್ರಿಂಗ್ ವಿಷಯ ಸ್ವಲ್ಪ ನಾಜೂಕು. ಭಾರ ಹೆಚ್ಚಿತೆಂದು ಇನ್ನೊಂದೆರಡು ಪಟ್ಟಿ ಸೇರಿಸಿದರೆ ಸಾಲದೇ ಎನ್ನಬಹುದು. ಸ್ಪ್ರಿಂಗ್ ಅತಿ ಗಡುಸಾದರೆ ಹೊಡೆತವೆಲ್ಲ ಬಾಡಿಗೇ ಹೋಗುತ್ತದೆ. ಹೀಗಾಗಿ ಸ್ಪ್ರಿಂಗ್ ಬಲಪಡಿಸುವುದಕ್ಕಿಂತ ಭಾರ ಇಳಿಸುವುದು ಜಾಣತನ. ಇಲ್ಲೇ ಎಲ್ಲರೂ ಸೋಲುವುದು. ದೊಡ್ಡ ಟ್ಯಾಂಕು ಬೇಕು, ಎರಡು ಸ್ಟೆಪ್ನಿ ಬೇಕು, ಸುರಕ್ಷತೆಗೆ ರೋಲ್ ಕೇಜ್ ಬೇಕೇ ಬೇಕು. ಜತೆಗೆ ನೀರು, ಟೆಂಟು, ಉಪಕರಣ, ಇಬ್ಬರ ಬಟ್ಟೆ. ಇರಲಿ ಇರಲಿ ಎನ್ನುತ್ತ ತುಂಬಿದ್ದೇ ಸ್ಪ್ರಿಂಗ್ ಮುರಿಯುತ್ತದೆ. ಮದುವೆ ಮನೆಗೆ ಹೊರಟ ನಮ್ಮ ಅಂಬಾಸಿಡರ್ ಡಿಕ್ಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರೆಂಟಿನ ವಿಷಯದಲ್ಲಿ ಹಳಬರಿಗೂ ಹೊಸಬರಿಗೂ ಜಗಳ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದಕ್ಕೆ ಬಹುತೇಕರ ಒಪ್ಪಿಗೆಯಿದೆ. ಎಲೆಕ್ಟ್ರಿಕ್ ಫ್ಯಾನ್, ಹೆಚ್ಚುವರಿ ಲೈಟು, ದೂರ ಅಳೆಯುವ ಟ್ರಿಪ್‌ಮೀಟರ್ ಇವಕ್ಕೆಲ್ಲ ಡೈನಮೋ ಸಾಲದು. ಆದರೆ ಇಗ್ನಿಷನ್? ಎಲೆಕ್ಟ್ರಾನಿಕ್ ಆದರೆ ಅದರ ತಂಟೆಗೆ ಹೋಗಬೇಕಿಲ್ಲ, ಆದರೆ ಕೆಟ್ಟರೆ ಮರುಭೂಮಿಯಲ್ಲಿ ಏನೂ ಮಾಡಲಾಗದು. ಪಾಯಿಂಟು–ಕಂಡೆನ್ಸರ್ ಪದೇ ಪದೇ ಕಾಡುತ್ತದೆ, ಆದರೆ ಮರಳು ಕಾಗದದಲ್ಲಿ ಉಜ್ಜಿ ಗ್ಯಾಪ್ ಸರಿಮಾಡಿದರೆ ಮತ್ತೆ ಬೆಂಕಿ ಹತ್ತುತ್ತದೆ. ಎಲೆಕ್ಟ್ರಾನಿಕ್ ಹಾಕಿಕೊಂಡು, ಹಳೆಯ ಡಿಸ್ಟ್ರಿಬ್ಯೂಟರನ್ನು ಸೆಟ್ ಮಾಡಿ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದೇ ಸರಿ ಎಂದು ನನ್ನ ಲೆಕ್ಕ.

ನಮ್ಮ ಲ್ಯಾಬಿನಲ್ಲಿ ಸ್ಕ್ಯಾನರ್ ಜೋಡಿಸಿದರೆ ದೋಷದ ಕೋಡ್ ಪರದೆಯ ಮೇಲೆ ಬರುತ್ತದೆ. ಕಾರ್ಬುರೇಟರನ್ನು ಸದ್ದು ಕೇಳಿಯೇ ಟ್ಯೂನ್ ಮಾಡಬಲ್ಲವರು ಈಗ ಹಳೇ ಪೇಟೆಯ ಗ್ಯಾರೇಜುಗಳಲ್ಲಿರುವ ಹಿರಿಯ ಮೇಸ್ತ್ರಿಗಳು ಮಾತ್ರ, ಅವರ ಬಳಿ ಕಲಿಯಲು ಹುಡುಗರು ಬರುತ್ತಿಲ್ಲ. ಅತ್ತ ಬ್ರಿಟನ್‌ನಲ್ಲಿ ರ‍್ಯಾಲಿಗೆ ಹಳೆ ಕಾರು ಸಿದ್ಧಮಾಡುವುದನ್ನೇ ಉದ್ಯೋಗ ಮಾಡಿಕೊಂಡ ವರ್ಕ್‌ಶಾಪ್‌ಗಳಿವೆ. ಕೀನ್ಯಾದ ಜೋಗಿಂದರ್ ಸಿಂಗ್ ಕೂಡ ಅಪ್ಪನ ಗ್ಯಾರೇಜಿನಲ್ಲಿ ಪಾನಾ ಹಿಡಿದು ಬೆಳೆದವರೇ. 1965ರ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿಯನ್ನು ತಮ್ಮ ಜಸ್ವಂತ್ ಜತೆ ಅವರು ಗೆದ್ದದ್ದು ಬಳಸಿದ ವೋಲ್ವೋ ಪಿವಿ544 ಕಾರಿನಲ್ಲಿ.

ಇಷ್ಟೆಲ್ಲ ಬದಲಿಸಿದ ಮೇಲೆ ಅದು ಹಳೆ ಕಾರಾಗಿಯೇ ಉಳಿಯಿತೇ? ಇದು ನನಗೂ ಕಾಡುವ ಪ್ರಶ್ನೆ. ಕಾರಿನ ಕಾಲಕ್ಕೆ ಹೊಂದದ ಎಂಜಿನ್ ಕೂರಿಸಿದರೆ ಆಯೋಜಕರು ಸುಮ್ಮನಿರುವುದಿಲ್ಲ. ಸುರಕ್ಷತೆಯ ಮಾರ್ಪಾಡಿಗೆ ಅಡ್ಡಿಯಿಲ್ಲ. ಉಳಿದದ್ದು ಮಾಲೀಕನ ಮನಸ್ಸಿಗೆ ಬಿಟ್ಟದ್ದು. ಒಳ್ಳೆಯ ಮೆಕ್ಯಾನಿಕ್‌ಗಳು ಹೊಸ ಭಾಗಗಳನ್ನು ಸಾಧ್ಯವಾದಷ್ಟೂ ಹಳೆಯ ಬೋಲ್ಟಿನ ತೂತುಗಳಿಗೇ ಕೂರಿಸುತ್ತಾರೆ. ಕಳಚಿದ ಡೈನಮೋ, ಸ್ಪ್ರಿಂಗ್ ಪಟ್ಟಿ, ಸೀಟುಗಳನ್ನು ಗ್ರೀಸ್ ಹಚ್ಚಿ, ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿಡುತ್ತಾರೆ.