ವೇತಾಳ ಟೇಕಡಿಯ ಹುಲ್ಲುಹಕ್ಕಿಗಳು

ಪುಣೆಯ ವೇತಾಳ ಟೇಕಡಿಗೆ ಹತ್ತಲು ದಾರಿಗಳು ಹಲವು. ಗೋಖಲೆನಗರದಿಂದ ಹತ್ತಬಹುದು, ಪಂಚವಟಿಯಿಂದ ಹತ್ತಬಹುದು, ಕೋಥರೂಡದ ಎಆರ್‌ಎಐ ರಸ್ತೆ ಹಿಡಿದು ಬರಬಹುದು, ಲಾ ಕಾಲೇಜಿನ ಹಿಂದಿನ ಏರಿನಲ್ಲೂ ಬರಬಹುದು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಗುಡ್ಡಕ್ಕಿಂತ ಎತ್ತರದ ಜಾಗ ನಗರದೊಳಗೆ ಇನ್ನೊಂದಿಲ್ಲ. ನೆತ್ತಿಯ ಮೇಲೆ ವೇತಾಳನ ಗುಡಿಯಿದೆ. ನಸುಕಿನಲ್ಲೇ ಬರುವ ನೂರಾರು ಮಂದಿ ಗುಡಿಗೆ ಕೈಮುಗಿದು, ಕೈಕಾಲು ಆಡಿಸಿ, ಬಿಸಿಲೇರುವ ಮೊದಲೇ ಇಳಿದು ಚಹಾ-ಪೋಹೆಯ ಅಂಗಡಿ ಸೇರುತ್ತಾರೆ. ಅವರ ಕಾಲುದಾರಿಯಿಂದ ಎರಡು ಮಾರು ಆಚೆ, ಮೊಣಕಾಲೆತ್ತರದ ಹುಲ್ಲಿನಲ್ಲಿ ಬೇರೆಯದೇ ಒಂದು ಊರಿದೆ.

ಹೊಸಬರಿಗೆ ಈ ಗುಡ್ಡ ಮೊದಲ ನೋಟಕ್ಕೆ ಬೋಳಾಗಿ ಕಾಣುತ್ತದೆ. ಲಾವಾರಸ ಪದರು ಪದರಾಗಿ ಹೆಪ್ಪುಗಟ್ಟಿ ಆದ ಕಪ್ಪು ಕಲ್ಲು, ಅದರ ಮೇಲೆ ಗೇಣುದ್ದವೂ ಇಲ್ಲದ ಮಣ್ಣು. ನಮ್ಮ ವಿಜಯಪುರದ ಕಡೆ ಮಡ್ಡಿ ಎನ್ನುತ್ತಾರಲ್ಲ, ಅದೇ ನೆಲ. ದಖ್ಖನ್ನಿನ ಅದೇ ಬಂಡೆಹಾಸು ಇಲ್ಲಿಂದ ಅಲ್ಲಿಯವರೆಗೂ ಹಬ್ಬಿದೆ. ಸಹ್ಯಾದ್ರಿಯ ಮರೆಯಲ್ಲಿರುವುದರಿಂದ ಪುಣೆಗೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನಷ್ಟೇ ಮಳೆ. ಇಷ್ಟು ಮಳೆಗೆ, ಇಷ್ಟು ತೆಳು ಮಣ್ಣಿಗೆ ಹೊಂದುವುದು ಹುಲ್ಲು, ಮುಳ್ಳುಪೊದೆ ಮತ್ತು ಅಲ್ಲೊಂದು ಇಲ್ಲೊಂದು ದಿಂಡಿಗದಂಥ ಮರ. ಗುಬ್ಬಿಗಿಂತ ಸಣ್ಣ ಹಕ್ಕಿಗಳಿಗೆ ಬೇಕಾದದ್ದೂ ಇದೇ.

ಇವುಗಳಲ್ಲಿ ನನಗೆ ಅಚ್ಚುಮೆಚ್ಚು ಬೂದು ಉಲಿಯಕ್ಕಿ. ಮೈಯಲ್ಲಿ ಅರ್ಧದಷ್ಟು ಬಾಲವೇ. ಆ ಬಾಲವೂ ಸದಾ ಮೇಲಕ್ಕೆ. ಮಳೆ ಹಿಡಿದ ಮೇಲೆ ಗಂಡು ಪೊದೆಯ ತುದಿಗೆ ಬಂದು ಕೂತು ಒಂದೇ ಸ್ವರವನ್ನು ಬಿಡದೆ ಹೇಳುತ್ತದೆ. ಹಾರಿದರೆ ಒಣಕಡ್ಡಿ ಮುರಿದಂತೆ ಚಟಚಟ ಸದ್ದು. ಮರಾಠಿಯಲ್ಲಿ ಇದಕ್ಕೂ ಇದರ ಬಳಗಕ್ಕೂ ವಟವಟ್ಯಾ ಎಂಬ ಹೆಸರು. ಕೇಳಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಗೂಡು ಕಟ್ಟುವುದರಲ್ಲಿ ಇದಕ್ಕೆ ಎರಡು ಪಟ್ಟು ಗೊತ್ತು. ಅಗಲ ಎಲೆಯ ಗಿಡ ಸಿಕ್ಕರೆ ಟುವ್ವಿ ಹಕ್ಕಿಯ ಹಾಗೆ ಎಲೆಗಳನ್ನು ಸೇರಿಸಿ ಹೊಲಿಯುತ್ತದೆ, ಸಿಗದಿದ್ದರೆ ಹುಲ್ಲಿನ ಎಳೆಗಳಿಂದ ಚೀಲ ನೇಯುತ್ತದೆ. ಒಳಗಿನ ಮೊಟ್ಟೆ ಇಟ್ಟಿಗೆ ಕೆಂಪು, ಎಣ್ಣೆ ಸವರಿದಷ್ಟು ಹೊಳಪು. ಎಲ್ಲವೂ ನೆಲದಿಂದ ಮೊಣಕಾಲು, ಸೊಂಟದೆತ್ತರದೊಳಗೇ. ಎತ್ತರದ ಮರ ಅದಕ್ಕೆ ಯಾವ ಉಪಯೋಗಕ್ಕೂ ಇಲ್ಲ.

ಈ ಹಕ್ಕಿಗೆ ವಿಜ್ಞಾನದ ಹೆಸರು ಸಿಕ್ಕಿದ್ದು ಈ ಸೀಮೆಯಿಂದಲೇ. ವಿಲಿಯಂ ಹೆನ್ರಿ ಸೈಕ್ಸ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯನ್ನು 1824ರಲ್ಲಿ ಮುಂಬಯಿ ಸರ್ಕಾರ ದಖ್ಖನ್ನಿನ ಅಂಕಿಅಂಶ ಕಲೆಹಾಕಲು ನೇಮಿಸಿತು. ಜನ, ಬೆಳೆ, ಕಂದಾಯಗಳ ಲೆಕ್ಕ ಬರೆಯುತ್ತಲೇ ಆತ ಹಕ್ಕಿಗಳ ಲೆಕ್ಕವನ್ನೂ ಬರೆದಿಟ್ಟ. 1832ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ನಡಾವಳಿಯಲ್ಲಿ ಅಚ್ಚಾದ ಅವನ ದಖ್ಖನ್ ಹಕ್ಕಿಗಳ ಪಟ್ಟಿಯಲ್ಲಿ ಬೂದು ಉಲಿಯಕ್ಕಿಯೂ ಇದೆ, ಅದರ ಸೋದರಿಯಾದ ಬಯಲು ಉಲಿಯಕ್ಕಿಯೂ ಇದೆ. ದೊಡ್ಡ ಬೂದು ಹರಟೆಮಲ್ಲಕ್ಕೆ ಅವನು ಇಟ್ಟ ಹೆಸರಿನಲ್ಲಿರುವುದು ಮುಂಬಯಿಯ ಗವರ್ನರ್ ಆಗಿದ್ದ ಜಾನ್ ಮಾಲ್ಕಂ. ಹಿಂಡುಕಟ್ಟಿ ದಿನವಿಡೀ ಗಲಾಟೆ ಮಾಡುವ ಹಕ್ಕಿಗೆ ಗವರ್ನರ್ ಹೆಸರು! ಗೌರವವೋ ಕೀಟಲೆಯೋ, ಸೈಕ್ಸನೇ ಬಲ್ಲ. ಮುಂದೆ ಕಂಪನಿಯ ಅಧ್ಯಕ್ಷಗಿರಿಗೂ ಏರಿದ ಈ ಮನುಷ್ಯನ ಹೆಸರನ್ನು ಹೊತ್ತ ಜುಟ್ಟಿನ ನೆಲಗುಬ್ಬಿಯೂ ಒಂದಿದೆ. ಅದನ್ನು ಹುಡುಕಲು ಮಾತ್ರ ಟೇಕಡಿ ಬಿಟ್ಟು ಇನ್ನೂ ಒಣಗಿದ, ಇನ್ನೂ ಬಿಚ್ಚಿದ ಬಯಲುಗಳಿಗೆ ಹೋಗಬೇಕು.

ಟೇಕಡಿಯ ನೆತ್ತಿಯಲ್ಲಿ, ಗರಸು ಹರಡಿದ ಕಡೆ, ಬೂದುತಲೆಯ ನೆಲಗುಬ್ಬಿಯ ಆಟ ನೋಡಬಹುದು. ಗಂಡು ಪಟಪಟನೆ ಮೇಲೇರಿ, ರೆಕ್ಕೆ ಮಡಚಿ, ಉದ್ದನೆಯ ಸಿಳ್ಳೆ ಹಾಕುತ್ತ ಕೆಳಗೆ ಧುಮುಕುತ್ತದೆ. ನೆಲ ಮುಟ್ಟುವ ಮೊದಲೇ ಮತ್ತೆ ಮೇಲೆ. ಗೂಡೆಂದರೆ ಹುಲ್ಲುಗಂಟಿಯ ಬುಡದಲ್ಲಿ ಸಣ್ಣ ತಗ್ಗು, ಕೆಲವೊಮ್ಮೆ ಅಂಚಿಗೆ ನಾಲ್ಕು ಹರಳು. ಇಳಿಜಾರಿನ ಪೊದೆಗಳಲ್ಲಿ ಹಳದಿಗಣ್ಣಿನ ಹರಟೆಮಲ್ಲ ಹುಲ್ಲಿನ ಬಟ್ಟಲು ಕಟ್ಟಿ ಹೊರಗೆ ಜೇಡರಬಲೆ ಮೆತ್ತುತ್ತದೆ. ಕಲ್ಲು ಸಂದಿಗಳು ಚಿಟ್ಟುಮಡಿವಾಳನ ಪಾಲು. ಹಳೆಯ ಕಲ್ಲುಗಣಿಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿಗೆ ಸಿಪಿಲೆಗಳು ಬರುತ್ತವೆ. ಬುಡದ ಬಂಗಲೆಗಳ ತೋಟಕ್ಕೆ ಇಳಿದರೆ ಸೂರಕ್ಕಿ, ಬೆಳ್ಗಣ್ಣ, ಟುವ್ವಿ. ಅವು ಬೆಂಗಳೂರಿನ ಮಲ್ಲೇಶ್ವರದಲ್ಲೂ ಸಿಗುವುದರಿಂದ ಇಲ್ಲಿ ಬಿಡೋಣ.

ಚಳಿಗಾಲದಲ್ಲಿ ಕ್ಯಾಮೆರಾ ಹಿಡಿದವರು ಹೆಚ್ಚು, ಏಕೆಂದರೆ ಆಗ ವಲಸೆಯವು ಬಂದಿರುತ್ತವೆ: ಬಾಲ ನಡುಗಿಸುವ ಕರಿ ಕೆಂಬಾಲ, ಬಂಡೆಯ ಮೇಲೆ ತೆವಳುತ್ತ ಹುಳ ಹೆಕ್ಕುವ ಹಳದಿಹೊಟ್ಟೆಯ ಪುಟ್ಟ ಎಲೆಹಕ್ಕಿ, ಪೊದೆಯೊಳಗಿಂದ ಚಕ್ ಚಕ್ ಎಂದಷ್ಟೇ ಹೇಳಿ ಮುಖ ತೋರಿಸದ ಜೊಂಡುಹಕ್ಕಿ. ಆದರೆ ಹಾಡು ಕೇಳಬೇಕಾದವರು ಬರಬೇಕಾದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ವಲಸೆಯವು ಇಲ್ಲಿಗೆ ಉಣ್ಣಲು ಬಂದವು. ಊರಿನವು ಸಂಸಾರ ಹೂಡುವುದು ಮಳೆಯಲ್ಲಿ.

ತಕರಾರು ಇರುವುದೂ ಅದೇ ಜೂನ್‌ನಲ್ಲಿ. ಬೋಳುಗುಡ್ಡ ಎಂದರೆ ಹಾಳುಗುಡ್ಡ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ; ಸರ್ಕಾರದ ಪಾಳುಭೂಮಿ ನಕ್ಷೆಗಳೂ ಇಂಥ ಕುರುಚಲು ನೆಲವನ್ನು ಪಾಳಿನ ಲೆಕ್ಕಕ್ಕೇ ಬರೆಯುತ್ತ ಬಂದಿವೆ. ಹಾಗಾಗಿ ಪುಣೆಯ ಗುಡ್ಡಗಳನ್ನು ಹಸಿರು ಮಾಡಲು ಗ್ಲಿರಿಸಿಡಿಯಾ ನೆಟ್ಟರು. ಮಧ್ಯ ಅಮೆರಿಕ ಮೂಲದ ಈ ಮರ ಬೇಗ ಬೆಳೆಯುತ್ತದೆ. ಅದರ ದಟ್ಟ ನೆರಳಲ್ಲಿ ಹುಲ್ಲು ಏಳುವುದಿಲ್ಲ, ಹುಲ್ಲಿಲ್ಲದ ಕಡೆ ಉಲಿಯಕ್ಕಿಗೂ ನೆಲಗುಬ್ಬಿಗೂ ಕೆಲಸವಿಲ್ಲ. ಜೂನ್ 5ರ ಪರಿಸರ ದಿನಕ್ಕೆ ಗುದ್ದಲಿ ಹಿಡಿದು ಗುಡ್ಡ ಹತ್ತುವವರ ಮನಸ್ಸು ಒಳ್ಳೆಯದೇ. ಅವರು ಗುಂಡಿ ತೋಡುವುದು ಮಾತ್ರ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಹೆರಿಗೆಮನೆಯಲ್ಲಿ. ಗಿಡ ನೆಡಬೇಡಿ ಎಂದರೆ ಪರಿಸರದ್ರೋಹಿ ಎನ್ನಿಸಿಕೊಳ್ಳಬೇಕಾಗುತ್ತದೆ. ಆದರೂ ಈ ಗುಡ್ಡದ ನೆತ್ತಿಯ ಮಟ್ಟಿಗೆ ನಾನು ಅದನ್ನೇ ಹೇಳುವವನು.

ರಸ್ತೆಯ ಭಯ ಎಲ್ಲರಿಗೂ ಕಾಣುವಂಥದು. ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ಗುಡ್ಡದ ಇಳಿಜಾರಿನಲ್ಲಿ ರಸ್ತೆ, ಗುಡ್ಡದೊಳಗಿಂದ ಸುರಂಗ ಎಂಬ ಮಹಾನಗರ ಪಾಲಿಕೆಯ ಯೋಜನೆಗಳ ವಿರುದ್ಧ 2023ರ ಏಪ್ರಿಲ್‌ನಲ್ಲಿ ಪುಣೆಯವರು ದೊಡ್ಡ ಮೆರವಣಿಗೆ ತೆಗೆದರು. ಬೆಳಗಿನ ವಾಯುವಿಹಾರದ ಹಿರಿಯರೂ ಅಂದು ಫಲಕ ಹಿಡಿದರು. ಆ ಒಗ್ಗಟ್ಟು ದೊಡ್ಡದು, ಟೇಕಡಿಯನ್ನು ಕಾಯುವ ಜನ ಇರುವುದು ಪುಣೆಯ ಪುಣ್ಯ. ಅವರ ಘೋಷಣೆಗಳಲ್ಲಿ ಮರದ ಜೊತೆ ಹುಲ್ಲಿನ ಹೆಸರೂ ಸೇರಿದರೆ ಚೆನ್ನ.

ಹುಬ್ಬಳ್ಳಿ, ಬೆಳಗಾವಿಯಿಂದ ಮಕ್ಕಳನ್ನು ನೋಡಲು ಪುಣೆಗೆ ಹೋಗುವವರು ಒಂದು ಬೆಳಿಗ್ಗೆಯನ್ನು ಇದಕ್ಕೆ ಬಿಡಿಸಿಕೊಳ್ಳಬಹುದು. ಜುಲೈ ಆದರೆ ಉತ್ತಮ. ಕೊಡೆ ಇರಲಿ, ಬೂಟು ಜಾರದಂತಿರಲಿ. ನಾಯಿ ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿ. ಗುಡಿಯ ಆಚೆಯ ಬಯಲಿನಲ್ಲಿ ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯದೆ, ಒಂದೇ ಕಡೆ ಹತ್ತು ನಿಮಿಷ ಕೂತರೆ ಹಕ್ಕಿಗಳೇ ಹತ್ತಿರ ಬರುತ್ತವೆ.